ಅವಳನ್ನೇ ಕೇಳಿ

ಮಾನ್ಯ ಸಂಪಾದಕರೇ,

ನನ್ನ ತಂಗಿಗೆ ಡೌನ್ ಸಿಂಡ್ರೋಮ್ ಇದೆ. ಮನೆಗೆ ಬಂದವರು ಅವಳ ಎದುರೇ ಕೂತು, 'ಇವಳ ಹೆಸರೇನು?' ಎಂದು ನನ್ನನ್ನು ಕೇಳುತ್ತಾರೆ. ಅವಳನ್ನೇ ಕೇಳಬಹುದಲ್ವಾ? ಅವಳು ತುಟಿ ಒದ್ದೆ ಮಾಡಿಕೊಂಡು, ಮಾತು ಜೋಡಿಸಿಕೊಂಡು ಹೇಳುತ್ತಾಳೆ. ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೇ.

ಇದು ರೋಗವಲ್ಲ, ಅಂಟುವುದೂ ಇಲ್ಲ. ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮ್ (ವಂಶವಾಹಿಗಳಿರುವ ಎಳೆ) ಎರಡರ ಬದಲು ಮೂರು ಇರುತ್ತದೆ. ಅದಕ್ಕೇ ಮೂರನೇ ತಿಂಗಳ 21ನ್ನು ವಿಶ್ವ ಡೌನ್ ಸಿಂಡ್ರೋಮ್ ದಿನವೆಂದು ವಿಶ್ವಸಂಸ್ಥೆ 2012ರಿಂದ ಆಚರಿಸುತ್ತಿದೆ. ಬಸುರಿಯಾಗಿದ್ದಾಗ ತಾಯಿ ಮಾಡಿದ ಯಾವ ತಪ್ಪಿನಿಂದಲೂ ಇದು ಬರುವುದಿಲ್ಲ. 'ನಿನ್ನ ತಪ್ಪಿನಿಂದಲೇ ಹೀಗಾಯ್ತು' ಎಂಬ ಚುಚ್ಚುಮಾತು ಕೇಳಿ ನಮ್ಮಮ್ಮ ಎಷ್ಟು ಅತ್ತಿದ್ದಾರೋ!

ಚಿಕ್ಕಂದಿನಲ್ಲೇ ಮಾತಿನ ತರಬೇತಿ ಕೊಡಿಸಿದರೆ ತುಂಬಾ ಅನುಕೂಲ. ಶಾಲೆಗಳು ಸುಮ್ನೆ 'ಆಗಲ್ಲ' ಎನ್ನದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಲಿ.

– ಒಬ್ಬ ಅಕ್ಕ