ಸಣ್ಣ ಗಣಿ: ಮುಚ್ಚುವ ಖರ್ಚನ್ನು ಮೊದಲೇ ಕಟ್ಟಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ಹತ್ತು ಗ್ರಾಂ ಚಿನ್ನದ ಬೆಲೆ 2025ರಲ್ಲಿ ಲಕ್ಷ ರೂಪಾಯಿ ದಾಟಿತು. ಗದಗ, ಹಾವೇರಿ, ತುಮಕೂರು ಜಿಲ್ಲೆಗಳ ಸಣ್ಣಪುಟ್ಟ ನಿಕ್ಷೇಪಗಳ ಮೇಲೆ ಮತ್ತೆ ಕಣ್ಣು ಬೀಳುವುದು ಸಹಜ. ಬೆಲೆ ಏರಿದರೆ ಟನ್ನಿಗೆ ಒಂದೆರಡು ಗ್ರಾಂ ಇರುವ ಬಂಡೆಯೂ ಲಾಭದ ಅದಿರು. ಇಳಿದರೆ ಬರೀ ಕಲ್ಲು. ಕೆಲವೇ ವರ್ಷಗಳ ಅದಿರನ್ನು ನಂಬಿಕೊಂಡ ಗಣಿ ಈ ಏರಿಳಿತವನ್ನು ತಾಳುವುದು ಕಷ್ಟ.

ಹಾಗೆಂದು ನಾನು ಚಿನ್ನದ ಗಣಿಯ ವಿರೋಧಿಯಲ್ಲ. ಹಟ್ಟಿ ಗಣಿ ಇರದಿದ್ದರೆ ನಮ್ಮ ಲಿಂಗಸುಗೂರು ತಾಲ್ಲೂಕಿನ ಇನ್ನೆಷ್ಟೋ ಕುಟುಂಬಗಳು ಗುಳೆ ಹೋಗಬೇಕಾಗುತ್ತಿತ್ತು. ದೇವದುರ್ಗ ತಾಲ್ಲೂಕಿನ ಊಟಿಯಲ್ಲಿ ಅಗೆದ ಅದಿರನ್ನು ಲಾರಿಗಳಲ್ಲಿ ಹಟ್ಟಿಗೆ ತಂದು ಸಂಸ್ಕರಿಸಿದ್ದೂ ಉಂಟು. ಸಣ್ಣ ನಿಕ್ಷೇಪಗಳಿಗೆ ಇದೇ ಸರಿಯಾದ ದಾರಿ. ಊರಿಗೊಂದು ಸೈನೈಡ್ ಘಟಕ ಖಂಡಿತ ಬೇಡ. ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಕಲಸಿ ಚಿನ್ನ ತೆಗೆಯುತ್ತಾರೆ. ಟನ್ನಿಗೆ ಮೂರು ಗ್ರಾಂ ಸಿಗುವ ಕಡೆ ಹತ್ತು ಗ್ರಾಂನ ಒಂದು ಸರಕ್ಕೆ ಮೂರು ಟನ್‌ಗೂ ಹೆಚ್ಚು ಕೆಸರು ಉಳಿಯುತ್ತದೆ. ಕಂಪನಿ ಹೋದ ಮೇಲೆ ಅದನ್ನು ಕಾಯುವವರು ಯಾರು?

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಕಾರ್ಮಿಕರ ಕೆಲಸ ಹೋಯಿತು, ಸೈನೈಡ್ ಕೆಸರು ಒಣಗಿದ ದಿಬ್ಬಗಳು ಉಳಿದವು, ಸುಮಾರು 3.3 ಕೋಟಿ ಟನ್. ಗಾಳಿ ಎದ್ದ ದಿನ ಆ ಬೂದು ದೂಳು ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ, ತುಂಬಿಟ್ಟ ಕೊಡಗಳ ಮೇಲೆ ಬಂದು ಕೂರುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದು, ಕೊನೆಗೆ ಸರ್ಕಾರದ ಒಡೆತನದಲ್ಲೇ ಇದ್ದ ಗಣಿಯ ಕಥೆಯಿದು. ಬೆಲೆ ನೋಡಿ ಬಂದು ಬೆಲೆ ಬಿದ್ದರೆ ಹೊರಡುವವರಿಂದ ಇದಕ್ಕಿಂತ ಹೆಚ್ಚಿನ ಹೊಣೆಗಾರಿಕೆಯನ್ನು ಹೇಗೆ ನಿರೀಕ್ಷಿಸುವುದು? ಆದ್ದರಿಂದ ಮೊದಲ ಸಿಡಿಮದ್ದು ಸಿಡಿಯುವ ಮುನ್ನವೇ ಗಣಿ ಮುಚ್ಚುವ ಖರ್ಚನ್ನು, ಉಳಿಯುವ ಕೆಸರಿನ ಟನ್ ಲೆಕ್ಕದಲ್ಲಿ, ಕಟ್ಟಿಸಿಕೊಳ್ಳಬೇಕು. ಅದಿರು ಎಷ್ಟು ವರ್ಷಕ್ಕೆ ಸಾಕು, ಸ್ಥಳೀಯರಿಗೆ ಸಿಗುವ ಕೆಲಸ ಎಂಥದ್ದು ಎಂಬುದನ್ನು ಗ್ರಾಮಸಭೆಯಲ್ಲಿ ಬರೆದುಕೊಡಬೇಕು. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲೇ ವನ್ಯಜೀವಿಧಾಮವಾಗಿದೆ. ಅದರ ತಂಟೆಗಂತೂ ಯಾರೂ ಹೋಗಬಾರದು.

ಹೆಚ್ಚು ಚರ್ಚೆಯಾಗದ ಇನ್ನೊಂದು ಅನ್ಯಾಯವಿದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಗೆ ಮುಂಚಿನ ಗಣಿ ಗುತ್ತಿಗೆದಾರರು, ಸರ್ಕಾರಕ್ಕೆ ಕಟ್ಟುವ ರಾಜಧನದ ಶೇ 30ರಷ್ಟು ಮೊತ್ತವನ್ನು ಗಣಿಬಾಧಿತ ಊರುಗಳ ನೆರವಿಗಿರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಆ ಬಳಿಕ ಹರಾಜಿನಲ್ಲಿ ಗುತ್ತಿಗೆ ಪಡೆದವರು ಕೊಡಬೇಕಾದದ್ದು ಶೇ 10 ಮಾತ್ರ. ಹರಾಜಿನ ಹೆಚ್ಚುವರಿ ಹಣ ರಾಜ್ಯದ ಬೊಕ್ಕಸಕ್ಕೆ ಸೇರುತ್ತದೆ. ಹೊಸ ಸಣ್ಣ ಗಣಿಗಳ ಸುತ್ತಲಿನ ಹಳ್ಳಿಗಳಿಗೇ ಕಡಿಮೆ ಪಾಲು! ಹರಾಜಿನ ಹಣದಲ್ಲಿ ಒಂದು ನಿಶ್ಚಿತ ಭಾಗ ಆಯಾ ತಾಲ್ಲೂಕಿನ ಕುಡಿಯುವ ನೀರು ಮತ್ತು ಆಸ್ಪತ್ರೆಗಳಿಗೆ ಸಿಗುವಂತೆ ರಾಜ್ಯ ಸರ್ಕಾರ ಆದೇಶ ಹೊರಡಿಸಲಿ. ಹೊಸ ಗಣಿಗಳ ಹರಾಜು ಅದಾದ ಮೇಲೆಯೇ ನಡೆಯಲಿ.

– ನಿವೃತ್ತ ಶಿಕ್ಷಕ, ಲಿಂಗಸುಗೂರು