ನಳದ ಸೀನ್ ಎಲ್ಲಿ ಹೋಯಿತು?

ಸಂಪಾದಕರಿಗೆ ನಮಸ್ಕಾರ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಬಂತೆಂದರೆ ಪೇಪರಿನಲ್ಲಿ ಕಂಪನಿ ನಾಟಕದ ಸುದ್ದಿ ಬಂದೇ ಬರುತ್ತದೆ. ಇಷ್ಟು ಥೇಟರ್ ಬಂದಿವೆ, ಇಂಥ ನಟಿ ಬಂದಿದ್ದಾರೆ, ರಾತ್ರಿಯೆಲ್ಲ ಜನವೋ ಜನ ಅಂತ. ನಾಟಕದ ಒಳಗೆ ಏನಿತ್ತು ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ. ಕಂಪನಿಯ ಹೆಸರು ಬೇಕಂತಲೇ ಹಾಕಿಲ್ಲ. ಒಳ್ಳೆಯದು ಬರೆದರೆ ಜಾಹೀರಾತು ಅಂತೀರಿ, ಕೆಟ್ಟದ್ದು ಬರೆದರೆ ಅವರ ಹೊಟ್ಟೆಪಾಡು.

ಒಂದೇ ನಾಟಕವನ್ನು ನಾನು ಎರಡು ಸಲ ನೋಡಿದೆ. ತಗಡಿನ ಥೇಟರು, ಕಾಲ ಕೆಳಗೆ ಮಣ್ಣು, ಮುಂದೆ ಕುರ್ಚಿ, ಕುರ್ಚಿಗಳ ಮುಂದೆ ದೊಡ್ಡವರಿಗೆ ಅಂತ ಎರಡು ಸೋಫಾ. ಕಥೆ ಇಷ್ಟೇ: ಸಣ್ಣ ಊರು, ಪಂಚಾಯ್ತಿ ಎಲೆಕ್ಷನ್, ಅಲ್ಲೊಬ್ಬ ಧಣಿ. ಯಾರು ಏನು ಕೇಳಿದರೂ ‘ಆತು’ ಅನ್ನುವವ. ಮೇಲಿನ ಓಣಿಗೆ ಹೋಗಿ ಕೆಳಗಿನ ಓಣಿಯವರನ್ನು ಬೈಯುತ್ತಾನೆ, ಕೆಳಗಿನ ಓಣಿಗೆ ಬಂದು ಮೇಲಿನವರನ್ನು. ಎರಡೂ ಕಡೆ ‘ನಾ ನಿಮ್ಮಾಂವ’ ಅಂತ ಅಳುತ್ತಾನೆ. ಕಣ್ಣೀರಿಗೆ ಅಂತ ಶಲ್ಯದ ತುದಿಯಲ್ಲಿ ಉಳ್ಳಾಗಡ್ಡಿ ಕಟ್ಟಿಕೊಂಡಿರುತ್ತಾನೆ.

ಗುಡಿ ಕಟ್ಟೆಯ ಮೇಲೆ ಸೀಟು ಹರಾಜು ಹಾಕುವ ಸೀನ್ ಒಂದಿದೆ. ಇದು ಬರೀ ನಾಟಕದ ಮಾತಲ್ಲ. 2020ರ ಡಿಸೆಂಬರಿನ ಪಂಚಾಯ್ತಿ ಎಲೆಕ್ಷನ್‌ನಲ್ಲಿ ರಾಜ್ಯದ ಹಲವು ಊರುಗಳಲ್ಲಿ ಹೀಗೆ ಸೀಟು ಹರಾಜಾದ ಸುದ್ದಿಯನ್ನು ನಾವೆಲ್ಲ ಓದಿದವರೇ. ಗುಡಿಗೆ ದುಡ್ಡು ಬಂತು, ಜಗಳ ತಪ್ಪಿತು ಅಂತ ಸಮರ್ಥನೆ ಬೇರೆ. ಪಂಚಾಯ್ತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಹಾಗಾಗಿ ಅಲ್ಲಿ ಮನುಷ್ಯನ ಮುಖವೇ ಚಿಹ್ನೆ. ಅರ್ಧ ಸೀಟು ಹೆಣ್ಣುಮಕ್ಕಳಿಗೆ ಅನ್ನುತ್ತದೆ ಕಾನೂನು. ನಾಟಕದಲ್ಲಿ ಆ ಸೀಟಿಗೂ ಕೂಗುವವರು ಗಂಡಸರೇ. ಹರಾಜು ಗೆದ್ದವನಿಗೆ ‘ನಿನ್ನ ಹೆಂಡತಿ ಹೆಸರೇನೋ?’ ಅಂತ ಕೇಳಿದರೆ ‘ತಡೀರಿ, ರೇಶನ್ ಕಾರ್ಡ್ ನೋಡಿ ಹೇಳ್ತೀನಿ’ ಅನ್ನುತ್ತಾನೆ.

ಆದರೆ ನಾನು ಬಿದ್ದು ಬಿದ್ದು ನಕ್ಕಿದ್ದು ನಳದ ಸೀನಿಗೆ. ಹಲಗೆಗೆ ಹೊಡೆದ ಒಂದು ನಳ. ಅದರ ಹಿಂದೆ ಧಣಿಯ ಶಿಷ್ಯ ಕಿಟ್ಲಿ ಹಿಡಿದು ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಧಣಿ ರಿಬ್ಬನ್ ಕತ್ತರಿಸಿ ನಳ ತಿರುವಿದರೆ ಅವನು ಹಿಂದಿನಿಂದ ಸುರಿಯಬೇಕು. ಫೋಟೊ, ಚಪ್ಪಾಳೆ, ಆಮೇಲೆ ಹಲಗೆ ಕಿತ್ತು ಹೆಗಲ ಮೇಲಿಟ್ಟುಕೊಂಡು ಮುಂದಿನ ಓಣಿಗೆ. ಅಲ್ಲೂ ಅದೇ ನಳ. ಕಾಯಿಯೂ ಅದೇ, ಒಡೆಯುವ ಹಾಗೆ ಎತ್ತಿ ಮತ್ತೆ ಚೀಲಕ್ಕೆ ಇಡುತ್ತಾರೆ. ಮೂರನೇ ಓಣಿಯಲ್ಲಿ ಒಬ್ಬ ಮುದುಕಿ ಬೊಗಸೆ ಒಡ್ಡಿ ಕುಡಿದು, ಒಂದು ಗಳಿಗೆ ಸುಮ್ಮನಿದ್ದು, ‘ಯಪ್ಪಾ, ಇದ್ರಾಗ ಚಾ ಐತಿ!’ ಅನ್ನುತ್ತಾಳೆ. ಕಿಟ್ಲಿ ಅದಲುಬದಲಾಗಿರುತ್ತದೆ. ಧಣಿ ಒಂದು ಕ್ಷಣವೂ ತಡವರಿಸದೆ ‘ಮುಂದಿನ ಸಲ ಗೆದ್ರ ಬಿಸ್ಕಿಟ್ನೂ ಬಿಡತೀನಿ ಬೇ’ ಅನ್ನುತ್ತಾನೆ. ಥೇಟರ್ ಹಾರಿಹೋಗುವಷ್ಟು ನಗು. ಮನೆ ಮುಂದೆ ನಳ ನೆಟ್ಟು ನೀರಿಗೆ ಕಾದವರು ಎಷ್ಟು ಜನ ಅಲ್ಲಿ ಕೂತಿದ್ದರೋ.

ಮನೆಗೆ ಬಂದು ಅತ್ತೆಗೆ ಹೇಳಿದೆ. ‘ನನ್ನೂ ಕರಕೊಂಡು ಹೋಗು’ ಅಂದರು. ನಾಲ್ಕು ದಿನ ಬಿಟ್ಟು ಇಬ್ಬರೂ ಹೋದೆವು. ಆವತ್ತು ಸೋಫಾದಲ್ಲಿ ಒಬ್ಬ ಮುಖಂಡರು ಕೂತಿದ್ದರು. ನಾಟಕ ನಡುವೆ ನಿಲ್ಲಿಸಿ ಶಾಲು, ಹಾರ, ಎರಡು ಮಾತು. ಅವರು ‘ಕಲೆ ಉಳಿಯಬೇಕು’ ಅಂದರು. ಆಮೇಲೆ ನಳದ ಸೀನ್ ಬಂತು. ಬಂತು ಅನ್ನುವುದಕ್ಕಿಂತ ಹೋಯಿತು ಅನ್ನಬೇಕು. ಒಂದೇ ಓಣಿ, ಒಂದು ಫೋಟೊ, ಮುಗೀತು. ಮುದುಕಿ ಬರಲೇ ಇಲ್ಲ.

ಆ ಹೊತ್ತನ್ನು ಯಾವುದರಿಂದ ತುಂಬಿದರು ಗೊತ್ತಾ? ಫ್ರೀ ಬಸ್ಸಿನ ಜೋಕಿನಿಂದ. ಮೊದಲ ಸಲ ಎರಡು ನಿಮಿಷ ಇದ್ದದ್ದು ಈ ಸಲ ಹತ್ತು ನಿಮಿಷ. ‘ನಮ್ಮನ್ಯಾಗ ಒಲಿ ಹೊತ್ತಿಲ್ರಿ, ಆಕಿ ಬಸ್ಸಿನ್ಯಾಗ ಅದಾಳ’ ಅಂತ ಶುರುವಾಗಿ ಎಲ್ಲೆಲ್ಲಿಗೋ ಹೋಯಿತು, ಬರೆಯಲಿಕ್ಕೆ ಬರುವಂಥದ್ದಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಝೀರೊ ಟಿಕೆಟ್ ಪರ್ಸಿನಲ್ಲೇ ಇತ್ತು.

ಸಂಜೆ ಗುಡಿ ಹತ್ತಿರ ಹೊಂಡದ ಪಕ್ಕ ಒಬ್ಬಾಕೆಯಿಂದ ಖಡಕ್ ರೊಟ್ಟಿ, ಪುಂಡಿಪಲ್ಲೆ, ಮೊಸರು ತಗೊಂಡು ತಿಂದಿದ್ದೆವು. ಮೊದಲು ಹೋಗಿಬರುವ ಬಸ್ ಚಾರ್ಜಿಗೇ ಅರ್ಧ ಬುಟ್ಟಿಯ ಲಾಭ ಹೋಗುತ್ತಿತ್ತು ಅಂತ ಆಕೆ ಮಾತಿಗೆ ಮಾತು ಬಂದು ಹೇಳಿದ್ದಳು. ಜೋಕಿನ ನಡುವೆ ಆಕೆಯೇ ನೆನಪಾಗಿ ನಗು ಅರ್ಧಕ್ಕೆ ನಿಂತಿತು.

ಸರ್ಕಾರದ ಗ್ಯಾರಂಟಿ ಯೋಜನೆಗಳ ಬಗ್ಗೆ ತಮಾಷೆ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ, ಆಮೇಲೆ ಮನೆ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ, ಇದು ಓಟಿಗೋ ಬಡವರಿಗೋ ಅಂತ ಧಾರಾಳವಾಗಿ ಕೇಳಲಿ. ಆದರೆ ಹಾಗೆ ಕೇಳಬೇಕಾದದ್ದು ಕೊಟ್ಟವರನ್ನು, ಬಸ್ ಹತ್ತಿದವಳನ್ನಲ್ಲ. ಎಲೆಕ್ಷನ್ ಮುಂಚೆ ಮನೆಮನೆಗೆ ಬರುವ ಕುಕ್ಕರ್, ಸೀರೆಯ ಬಗ್ಗೆ ಎರಡೂ ದಿನ ಒಂದು ಮಾತೂ ಇರಲಿಲ್ಲ ನೋಡಿ.

ನಮ್ಮಪ್ಪ ರಂಗನಟ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನಾಟಕದ ಹುಚ್ಚಿನವರು. ಅದರ ಕ್ಯಾಸೆಟ್ ಟೇಪು ಸವೆಯುವವರೆಗೆ ಕೇಳಿದ್ದರು. 2019ರ ಮೇನಲ್ಲಿ ಹಿರಣ್ಣಯ್ಯ ತೀರಿಕೊಂಡಾಗ ಆವತ್ತಿನ ಪೇಪರ್ ಎತ್ತಿಟ್ಟಿದ್ದಾರೆ. ಹಿರಣ್ಣಯ್ಯನವರು ಬರೆದಿಟ್ಟ ಮಾತು ಬಿಟ್ಟು ಆವತ್ತಿನ ಸುದ್ದಿಯನ್ನೇ ಎತ್ತಿಕೊಂಡು ಮಂತ್ರಿ, ಅಧಿಕಾರಿಗಳನ್ನು ಝಾಡಿಸುತ್ತಿದ್ದರು, ಓಟು ಹಾಕಿದವರನ್ನೂ ಬಿಡುತ್ತಿರಲಿಲ್ಲ. ಎಲ್ಲರೂ ಅವರ ಹಾಗೆ ಆಗಲಿಕ್ಕೆ ಆಗುವುದಿಲ್ಲ, ಗೊತ್ತು. ಜಾಗದ ಬಾಡಿಗೆ, ಕರೆಂಟು, ಪರವಾನಗಿ, ಹಾರ್ಮೋನಿಯಂನವರಿಂದ ಅಡುಗೆಯವರವರೆಗೆ ಪಗಾರ. ಮುಖಂಡರು ಮುನಿಸಿಕೊಂಡರೆ ಮುಂದಿನ ಊರಲ್ಲಿ ಗೂಟ ನೆಡಲಿಕ್ಕೂ ಯಾರೂ ಬಿಡದಿರಬಹುದು. ಬೇಕಾದರೆ ಸೀನ್ ಸಣ್ಣದು ಮಾಡಲಿ, ಆ ಸಂಕಟ ನನಗೆ ಅರ್ಥವಾಗುತ್ತದೆ. ಆ ಜಾಗಕ್ಕೆ ರೊಟ್ಟಿ ಬುಟ್ಟಿಯವಳನ್ನು ತಂದು ನಿಲ್ಲಿಸುವುದು ಮಾತ್ರ ಬೇಡ.

ಇನ್ನೊಂದು. ಸೋಫಾದಲ್ಲಿ ಕೂತಿದ್ದವರಿಗೂ ನಿಮ್ಮ ಪೇಪರ್ ಬರುತ್ತಿರಬೇಕು. ಸಾಹೇಬ್ರೇ, ನಾಟಕ ಅರ್ಧ ನೋಡಿ ಹೋಗಿದ್ದೀರಿ. ಒಂದು ದಿನ ಶಾಲು ಹಾರದ ಗದ್ದಲ ಇಲ್ಲದೆ, ಟಿಕೆಟ್ ತಗೊಂಡು ಹಿಂದಿನ ಸಾಲಿನಲ್ಲಿ ಕೂತು ನೋಡಿ. ಚೆನ್ನಾಗಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಾಲಿಡಲೂ ಜಾಗ ಇರಲಿಲ್ಲ. ಅತ್ತೆಗೆ ಹೇಗೋ ಸೀಟು ಸಿಕ್ಕಿತು. ಬಾದಾಮಿ ದಾಟುವವರೆಗೆ ಸುಮ್ಮನಿದ್ದವರು ಆಮೇಲೆ ನನ್ನ ಸೆರಗು ಜಗ್ಗಿ ಕೇಳಿದರು: ‘ಅಲ್ಲವಾ, ನಳದಾಗ ಚಾ ಬರತೈತಿ ಅಂದಿದ್ದೆಲ್ಲ, ಎಲ್ಲಿ ಬಂತು?’

– ನಿಮ್ಮ ಓದುಗರಲ್ಲೊಬ್ಬಳು, ಗುಳೇದಗುಡ್ಡ