ಗುರುವಾರದ ಭಜನಿಗೆ ಒಂದು ಸೂಚನೆ

ಎಲ್ಲಾರಿಗೂ ಶರಣ್ರಿ. ಈ ಗುರುವಾರ ಸಂಜಿ 7ಕ್ಕ ನಮ್ಮನ್ಯಾಗ ಭಜನಿ ಅದ, ಆರತಿ ಮುಗದ ಮ್ಯಾಲ ಈ ಸಲ ಒಂದು ಹೊಸಾದು ಮಾಡೂಣು ಅಂತ. ಪ್ರತಿಯೊಬ್ರೂ ತಮ್ಮ ಜೀವನದಾಗ ಆಗಿದ್ದ ಒಂದು ಸಣ್ಣ ಘಟನಾ ಹೇಳ್ಬೇಕು, ಇದು ಸುಮ್ನ ಆಗಿದ್ದಲ್ಲ, ದೇವರೇ ಕೈ ಹಿಡದ ಅಂತ ಅನಿಸಿದ್ದು.

ಇದು ತಲ್ಯಾಗ ಬಂದಿದ್ದು ಹೋದ ವಾರ. ಗಾಣಗಾಪುರದ ದತ್ತಾತ್ರೇಯನ ಗುಡಿಗೆ ಹೊಂಟಿದ್ದೆ, ಬಸ್ ಸ್ಟ್ಯಾಂಡಿನಾಗ ಕಣ್ಣೆದುರಿಗೇ ಬಸ್ ಹೋಯ್ತು, ಭಾಳ ಸಿಟ್ಟು ಬಂತು. ಮುಂದಿನ ಬಸ್ಸಿನಾಗ ಬಾಜೂ ಕೂತ ಆಯಿಗೆ ಶುಗರ್ ಕಡಿಮಿ ಆಗಿ ಕೈ ನಡುಗ್ಲಿಕ್ಕತ್ತು, ಸೆರಗೆಲ್ಲಾ ಬೆವರು, ನನ್ ಚೀಲದಾಗ ದತ್ತಪ್ಪಗ ಒಯ್ಯೋ ಪೇಡೆ ಇತ್ತು, ಎರಡು ಬಾಯಾಗ ಹಾಕ್ದೆ, ಸ್ವಲ್ಪ ಹೊತ್ತಿಗೆ ಆಕಿನೇ "ಯಾವೂರವ್ವ ನಿಂದು" ಅಂತ ಕೇಳ್ದಳು. ಭೀಮಾ ಅಮರಜಾ ಸಂಗಮದಾಗ ನಿಂತಾಗೂ ಅದೇ ನೆನಪು. ನೈವೇದ್ಯ ಮೊದ್ಲೇ ಮುಟ್ಟಿತ್ತಲ್ಲ! ನಮ್ಮ ಮನಿಯವ್ರು ಇದಕ್ಕ ಕಾಕತಾಳೀಯ ಅಂತಾರ, ಅನ್ಲಿ ಬಿಡ್ರಿ, ಅವರೂ ಬಂದು ಕೂಡ್ತಾರ.

ಒಬ್ರಿಗೆ ಮೂರೇ ನಿಮಿಷ, ತಮಗ ಆಗಿದ್ದೇ ಹೇಳ್ರಿ, ಫಾರ್ವರ್ಡ್ ಬಂದ ಪವಾಡ ಬ್ಯಾಡ. ಬ್ಯಾರೆಯವರ ಬ್ಯಾನಿ ವಿಷಯ ಇದ್ರ ಹೆಸರು ತಗೀಬ್ಯಾಡ್ರಿ. ಮಾತಾಡ್ಲಿಕ್ಕೆ ನಾಚ್ಕಿ ಇದ್ದವ್ರು ನನಗ ವಾಯ್ಸ್ ಮೆಸೇಜ್ ಹಾಕ್ರಿ, ನಾನೇ ಹೇಳ್ತೀನಿ.

ತಾಳ ಯಾರ ಮನ್ಯಾಗ ಉಳದಾವ, ತರ್ರಿ. ಬುಧವಾರ ರಾತ್ರಿ ಒಳಗ ಎಷ್ಟು ಮಂದಿ ಬರ್ತೀರಿ ಇಲ್ಲೇ ಹಾಕ್ರಿ, ಮಾದಲಿಗೆ ಗೋಧಿ ಬೀಸ್ಬೇಕು.